ಕುದುರೆಯ ಊಟವಾದ ಮೇಲೆ

ನಮ್ಮ ಭಾವ ಊಟಕ್ಕೆ ಕೂತು ಮೊದಲನೆಯ ತುತ್ತು ಬಾಯಿಗಿಟ್ಟರು ಎಂದರೆ, "ನಾನು ಚಿಕ್ಕವನಿದ್ದಾಗ" ಎಂಬ ಮಾತು ಹೊರಗೆ ಬಂತು ಎಂದೇ ಲೆಕ್ಕ. ತುತ್ತು ಒಳಗೆ ಹೋಗಬೇಕು, ಮಾತು ಹೊರಗೆ ಬರಬೇಕು, ಇರುವುದು ಒಂದೇ ಬಾಯಿ. ಆದರೂ ಇಷ್ಟು ವರ್ಷಗಳಲ್ಲಿ ಅವೆರಡೂ ಡಿಕ್ಕಿ ಹೊಡೆದದ್ದನ್ನು ನಾನು ಕಂಡಿಲ್ಲ.

ಚಿಕ್ಕವರಿದ್ದಾಗ ಭಾವ ಮಾಡದ ಸಾಹಸವಿಲ್ಲ. ತುಂಬಿದ ಹೊಳೆಯನ್ನು ಈಜಿ ದಾಟಿ, ಈಚೆ ದಡದಲ್ಲಿ ಚಪ್ಪಲಿ ಮರೆತದ್ದು ನೆನಪಾಗಿ, ಮತ್ತೆ ಈಜಿ ಬಂದು ತೆಗೆದುಕೊಂಡು ಹೋಗಿದ್ದಾರೆ. ಕಳ್ಳನೊಬ್ಬನನ್ನು ಹಿಡಿದು, ಬುದ್ಧಿ ಹೇಳಿ, ಅವನ ಕೈಲೇ ಕದ್ದ ಮೂಟೆ ಹೊರಿಸಿಕೊಂಡು ಮನೆಗೆ ಬಂದಿದ್ದಾರೆ. ಆದರೆ ಎಲ್ಲಕ್ಕೂ ಮಿಗಿಲಾದದ್ದು ಅವರ ಕುದುರೆ ಸವಾರಿ. ತಾತನ ಲಾಯದಲ್ಲಿ ಕುದುರೆಗಳಿದ್ದವಂತೆ, ಭಾವ ನಡೆಯುವುದನ್ನು ಕಲಿಯುವ ಮುಂಚೆಯೇ ಸವಾರಿ ಕಲಿತರಂತೆ, ಅವರು ಶಿಳ್ಳೆ ಹಾಕಿದ ಮೇಲೆಯೇ ಕುದುರೆಗಳು ಮೇವಿಗೆ ಬಾಯಿ ಹಾಕುತ್ತಿದ್ದವಂತೆ.

ಇದಕ್ಕೆ ಸಾಕ್ಷಿಯಾಗಿ ನಡುಮನೆಯ ಗೋಡೆಯ ಮೇಲೆ ಒಂದು ಫೋಟೋ ಇದೆ. ಟೊಪ್ಪಿ ಹಾಕಿದ ಹುಡುಗನೊಬ್ಬ ಕುದುರೆಯ ಮೇಲೆ ಕೂತು, ಲಗಾಮು ಹಿಡಿದು, ಜಗತ್ತನ್ನೇ ತಿರಸ್ಕಾರದಿಂದ ನೋಡುತ್ತಿದ್ದಾನೆ. ಕುದುರೆಯ ಮೊಣಕಾಲಿನಿಂದ ಕೆಳಗೆ ಏನೂ ಕಾಣದು. ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಆ ಕಟ್ಟು ಹಾಕಿದವನು ನಾನೇ. "ಕೆಳಗಡೆ ರಟ್ಟು ಸ್ವಲ್ಪ ಅಗಲವಾಗಿ ಕೂರಿಸಪ್ಪ" ಎಂದು ಭಾವ ಹೇಳಿದರು, ಕೂರಿಸಿದೆ. ರಟ್ಟಿನ ಹಿಂದೆ ಚಕ್ರಗಳಿದ್ದವು. ಗಿರಾಕಿ ಏನನ್ನು ಮುಚ್ಚು ಎನ್ನುತ್ತಾನೋ ಅದನ್ನು ನೀಟಾಗಿ ಮುಚ್ಚುವುದು ನಮ್ಮ ಕಸುಬಿನ ಧರ್ಮ.

ಭಾವನಿಗೆ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೆಲಸ. ನಲ್ಲಿಯಲ್ಲಿ ನೀರು ಬರದವರು ಬಂದು ಮೇಜು ಗುದ್ದಿ ಕೂಗಾಡುತ್ತಾರೆ. ಭಾವ ತಲೆಯಾಡಿಸುತ್ತಾ ಎಲ್ಲವನ್ನೂ ಕೇಳಿ, "ಗಮನಕ್ಕೆ ತಂದಿದ್ದು ಒಳ್ಳೇದಾಯ್ತು, ನಾಳೆ ಸರಿಹೋಗುತ್ತೆ" ಎಂದು ಕಳಿಸುತ್ತಾರೆ. ನಾಳೆ ಅವರೇ ಮತ್ತೆ ಬರುತ್ತಾರೆ. ಹೀಗೆ ಹಗಲೆಲ್ಲ ಆಗದ್ದನ್ನು ಆಗುತ್ತದೆ ಎನ್ನುವವರು ಸಂಜೆ ಮನೆಗೆ ಬಂದು ಆಗದ್ದನ್ನು ಆಗಿತ್ತು ಎಂದರೆ ಅದರಲ್ಲಿ ಆಶ್ಚರ್ಯವೇನಿದೆ?

ಅಕ್ಕ ಇದನ್ನೆಲ್ಲ ಕೇಳಿಸಿಕೊಂಡು ಸುಮ್ಮನೆ ಬಡಿಸುತ್ತಿದ್ದಳು. ಅಡುಗೆ ಮಾಡುವಾಗ ಉಪ್ಪಿನ ಡಬ್ಬಿಗೆ ವಾರಪತ್ರಿಕೆ ಒರಗಿಸಿಕೊಂಡು ಧಾರಾವಾಹಿ ಓದುವುದು ಅವಳ ಅಭ್ಯಾಸ. ನಾಯಕಿ ಅಳುವ ವಾರ ಉಪ್ಪು ಎರಡೆರಡು ಸಲ ಬೀಳುತ್ತದೆ. ನಾಯಕ ಕಾಣೆಯಾದ ವಾರ ಬೀಳುವುದೇ ಇಲ್ಲ. ಇದರ ಬಗ್ಗೆ ನಾನು ಹೆಚ್ಚು ಹೇಳಲಾರೆ, ನನ್ನ ಊಟವೂ ಅಲ್ಲೇ. ಹೇಗೂ ಭಾವನ ಹೊಳೆ, ಕಳ್ಳ, ಕುದುರೆಗಳ ಗಲಾಟೆಯಲ್ಲಿ ತಟ್ಟೆಯಲ್ಲಿ ಏನಿತ್ತೆಂದು ಯಾರಿಗೂ ನೆನಪಿರುತ್ತಿರಲಿಲ್ಲ.

ಎಲ್ಲವೂ ಹೀಗೆಯೇ ಸುಸೂತ್ರವಾಗಿ ನಡೆದುಕೊಂಡು ಹೋಗುತ್ತಿತ್ತು. ಕೆಡಿಸಿದವರು ಎದುರು ಮನೆಯ ನಿವೃತ್ತ ಮೇಷ್ಟ್ರು. ಅವರು ಒಂದು ಸಂಜೆ ಮೊಣಕಾಲಿನವರೆಗೆ ಬರುವ ಹೊಸ ಬೂಟು ಹಾಕಿಕೊಂಡು ಕಿರಗುಟ್ಟುತ್ತಾ ಒಳಗೆ ಬಂದರು. ಅವರೂ ಅವರ ಹೆಂಡತಿಯೂ ಕುದುರೆ ಸವಾರಿಯ ಪ್ರವಾಸಕ್ಕೆ ಹೊರಟಿದ್ದರು. ಹಗಲು ಗುಡ್ಡದ ದಾರಿಯಲ್ಲಿ ಸವಾರಿ, ರಾತ್ರಿ ದಾರಿಯಲ್ಲೊಂದು ಮನೆಯಲ್ಲಿ ಊಟ, ಹಾಸಿಗೆ, ಮರುದಿನ ವಾಪಸ್ಸು.

"ಬಾಡಿಗೆ ಕುದುರೇನಾ?" ಎಂದು ಭಾವ ತುತ್ತು ನುಂಗಿ ನಕ್ಕರು. "ಅದರ ಮೇಲೆ ಕೂರೋದು ಬೆಂಚಿನ ಮೇಲೆ ಕೂತ ಹಾಗೆ ಮೇಷ್ಟ್ರೇ. ನಾನು ಚಿಕ್ಕವನಿದ್ದಾಗ…"

"ಹಾಗಾದ್ರೆ ನೀವೂ ಬನ್ನಿ. ನಮಗೂ ಸ್ವಲ್ಪ ಕಲಿಸಿದ ಹಾಗಾಗುತ್ತೆ," ಎಂದರು ಮೇಷ್ಟ್ರು.

ಅಕ್ಕ ವಾರಪತ್ರಿಕೆಯನ್ನು ಮಡಿಸಿಟ್ಟಳು. ಅವಳು ಧಾರಾವಾಹಿಯ ನಡುವೆ ಪತ್ರಿಕೆ ಮಡಿಸಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಹೋಗೋಣ ರೀ," ಎಂದಳು. "ಮದುವೆ ಆದಾಗಿಂದ ಕೇಳ್ತಾ ಇದ್ದೀನಿ. ಒಂದ್ಸಲ ಕಣ್ಣಾರೆ ನೋಡ್ಬೇಕು."

ಭಾವನಿಗೆ ಕೂಡಲೇ ಸೊಂಟ ಹಿಡಿದುಕೊಂಡಿತು. ಕಚೇರಿಯಲ್ಲಿ ವಿಪರೀತ ಕೆಲಸ ಬಂತು. ಮೋಡ ಕವಿಯುವ ಲಕ್ಷಣವೂ ಕಾಣಿಸಿತು. ಅಕ್ಕ ಎಲ್ಲವನ್ನೂ ಅವರದೇ ಕಚೇರಿಯ ಶೈಲಿಯಲ್ಲಿ ತಲೆಯಾಡಿಸುತ್ತಾ ಕೇಳಿ ಹೇಳಿದಳು: "ಬಂದು, ಸರಿಯಾಗಿ ಸವಾರಿ ಮಾಡಿದ್ರೆ, ಹಿಂದೆ ಹೇಳಿದ್ದು ಮುಂದೆ ಹೇಳೋದು ಎಲ್ಲಾನೂ ನಂಬ್ತೀನಿ. ಇಲ್ಲಾಂದ್ರೆ ಇವತ್ತಿಂದ ಈ ಮನೇಲಿ 'ನಾನು ಚಿಕ್ಕವನಿದ್ದಾಗ' ಅನ್ನೋ ಮಾತು ಕೇಳಿಸಬಾರದು."

ಭಾವನ ಮುಖ ನೋಡಲಾರದಂತಾಯಿತು. ಕೆಲವರಿಗೆ ಹೊಲವಿರುತ್ತದೆ, ಕೆಲವರಿಗೆ ಮನೆಯಿರುತ್ತದೆ. ಅವರಿಗಿದ್ದ ಆಸ್ತಿ ಆ ಒಂದು ವಾಕ್ಯ.

ಹೊರಡುವ ದಿನ ಬೆಳಿಗ್ಗೆ ಊರಾಚೆಯ ಲಾಯದಲ್ಲಿ ನಾನೂ ಸೇರಿ ಐವರಿಗಾಗಿ ಕಾಯುತ್ತಿದ್ದವನು ದಾರಿ ತೋರುವ ಮುಂದಾಳು. ತಲೆ ನರೆತಿದ್ದರೂ ಕಬ್ಬಿಣದಂಥ ಆಳು. ನಕ್ಕರೆ ಬಾಯಿ ತುಂಬ ಹಲ್ಲು, ಒಂದೂ ಹೋಗಿಲ್ಲ. ಆದರೆ ಅವತ್ತು ಕಾಲು ಉಳುಕಿಸಿಕೊಂಡು ಕುಂಟುತ್ತಿದ್ದ.

"ಇವತ್ತು ನಾನು ಹತ್ತೋ ಹಾಗಿಲ್ಲ, ಸಾಮಾನಿನ ಗಾಡಿಯಲ್ಲಿ ಬರ್ತೀನಿ. ನಿಮ್ಮಲ್ಲಿ ಯಾರಿಗಾದ್ರೂ ಸವಾರಿ ಗೊತ್ತಾ?" ಎಂದು ಕೇಳಿದ.

ನಾವೆಲ್ಲ ಭಾವನ ಕಡೆ ನೋಡಿದೆವು. ಅಕ್ಕ ತುಸು ಹೆಚ್ಚಾಗಿಯೇ ನೋಡಿದಳು.

"ನಾನು ಚಿಕ್ಕವನಿದ್ದಾಗ…" ಎಂದರು ಭಾವ, ಬಾವಿಯೊಳಗಿನಿಂದ ಬಂದಂಥ ದನಿಯಲ್ಲಿ.

ಮುಂದಾಳುವಿಗೆ ಅಷ್ಟೇ ಸಾಕಾಯಿತು. ಅವನು ತನ್ನ ಸ್ವಂತ ಕುದುರೆಯನ್ನೇ ಹೊರಗೆ ತಂದ. ಕಂದು ಬಣ್ಣದ ಭಾರಿ ಕುದುರೆ, ದೊಡ್ಡ ಹೊಟ್ಟೆ, ಜೋಲು ಮುಖ. ಮರ್ಯಾದೆಯಿಂದ ಮಾತನಾಡಿಸದಿದ್ದರೆ ಹೆಜ್ಜೆ ಎತ್ತಿಡುವುದಿಲ್ಲವೆಂದು ಅದಕ್ಕೆ 'ಮಾವ' ಎಂದು ಹೆಸರಿಟ್ಟಿದ್ದರು.

ಭಾವ ಮಾವನ ಮೇಲೆ ಹತ್ತಿದ ಬಗೆಯನ್ನು ವಿವರವಾಗಿ ಹೇಳಿದರೆ ಅವರ ಮರ್ಯಾದೆಗೆ ಕುಂದು. ಮೊದಲ ಸಲ ಈ ಕಡೆಯಿಂದ ಹತ್ತಿ ಆ ಕಡೆ ಇಳಿದರು. "ಕುದುರೆ ಅಗಲ ಎಷ್ಟಿದೆ ಅಂತ ನೋಡಿದೆ ಅಷ್ಟೆ," ಎಂದರು. ಎರಡನೆಯ ಸಲ ಕೂತರು, ಆದರೆ ಬಾಲದ ಕಡೆಗೆ ಮುಖ ಬಂತು. ಮೂರನೆಯ ಸಲ ನಾನು ಕೆಳಗಿನಿಂದ ಹೆಗಲು ಕೊಟ್ಟೆ. ಅಷ್ಟರಲ್ಲಿ ಅಕ್ಕ ಒಂದು ಬಿಳಿ ಕುದುರೆಯ ಮೇಲೆ ಕೂತು, ಸೆರಗು ಸಿಕ್ಕಿಸಿಕೊಂಡು, ಹಿತ್ತಿಲಲ್ಲಿ ನಡೆದಾಡುವವಳಂತೆ ಎರಡು ಸುತ್ತು ಹಾಕಿ ಬಂದಿದ್ದಳು.

ದಾರಿಯುದ್ದಕ್ಕೂ ಭಾವ ಲಗಾಮನ್ನು ಎಡಕ್ಕೆ ಎಳೆದಾಗ ಮಾವ ಬಲಕ್ಕೆ ಹೋಗುತ್ತಿತ್ತು, ಬಲಕ್ಕೆ ಎಳೆದಾಗ ನಿಂತು ಯೋಚಿಸುತ್ತಿತ್ತು. "ನಡೀರಿ ಮಾವ, ದಯವಿಟ್ಟು ನಡೀರಿ ಮಾವ" ಎಂದು ಭಾವ ಕೈಮುಗಿಯುವುದೊಂದು ಬಾಕಿ. ಅಕ್ಕ ಹಿಂದೆ ತಿರುಗಿ ನೋಡಿದಾಗಲೆಲ್ಲ ಮಾತ್ರ ಬೆನ್ನು ನೆಟ್ಟಗೆ ಮಾಡಿ, ಫೋಟೋದಲ್ಲಿದ್ದ ತಿರಸ್ಕಾರವನ್ನು ಮುಖಕ್ಕೆ ತಂದುಕೊಳ್ಳುತ್ತಿದ್ದರು.

ಸಂಜೆಯ ಹೊತ್ತಿಗೆ ಗುಡ್ಡದ ತಿರುವಿನಲ್ಲಿ ಒಂದು ಹೊಗೆಗೂಡು ಕಾಣಿಸಿತು. ಗಾಳಿಯಲ್ಲಿ ಏನೋ ಸೀದ ವಾಸನೆ ಬಂತು. ಎಲ್ಲಿಯೋ ಕಂಬಳಿಗೆ ಬೆಂಕಿ ತಗುಲಿದೆ ಎಂದುಕೊಂಡೆ. ಆದರೆ ಅಲ್ಲಿಯವರೆಗೆ ಕಾಲೆಳೆಯುತ್ತಿದ್ದ ಮಾವ ಮೂಗರಳಿಸಿ, ಸಂತೋಷದಿಂದ ಕೆನೆದು, ಒಂದೇ ಓಟ ಕಿತ್ತಿತು. ಭಾವ ಅದರ ಕುತ್ತಿಗೆಯನ್ನು ತಬ್ಬಿಕೊಂಡು ಕಣ್ಮರೆಯಾದರು.

"ಅಬ್ಬಾ, ಎಂಥ ಓಟ!" ಎಂದರು ಮೇಷ್ಟ್ರ ಹೆಂಡತಿ.

"ಕೂಗಿದ್ದು ಅವರಾ, ಕುದುರೇನಾ?" ಎಂದಳು ಅಕ್ಕ.

ನಾವು ತಂಗಬೇಕಾಗಿದ್ದ ಮನೆ ಮುಂದಾಳುವಿನದೇ. ಮನೆಯೊಡತಿ ಅವನ ಹೆಂಡತಿ, ದುಂಡು ಮುಖದ, ದೊಡ್ಡ ದನಿಯ, ದೊಡ್ಡ ಸೌಟಿನ ಹೆಂಗಸು. ಬಾಗಿಲಲ್ಲೇ ನಿಂತು ಬಿಸಿನೀರು ಕೊಟ್ಟಳು, ನಮ್ಮ ಬೂಟುಗಳನ್ನು ಒಲೆಯ ಪಕ್ಕ ಸಾಲಾಗಿ ಇಟ್ಟಳು, ಅಟ್ಟದ ಮೇಲೆ ಹಾಸಿದ ಹಾಸಿಗೆಗಳನ್ನು ತೋರಿಸಿದಳು. ಪ್ರತಿ ಹಾಸಿಗೆಯ ಮೇಲೆ ದಪ್ಪ ಕಂಬಳಿ, ತಲೆದಿಂಬಿನ ಪಕ್ಕ ಸೊಂಟಕ್ಕೆ ಹಚ್ಚಿಕೊಳ್ಳಲು ಒಂದು ಬಟ್ಟಲು ಎಣ್ಣೆ. ನಾವೆಲ್ಲ ಕಾಲಗಲಿಸಿ ನಡೆಯುತ್ತಿದ್ದೆವು. ಇಷ್ಟು ಒಳ್ಳೆಯ ಮನಸ್ಸಿನ ಹೆಂಗಸನ್ನು ನಾನು ನೋಡಿಲ್ಲ ಎಂದುಕೊಂಡೆ, ಇನ್ನೂ ಊಟ ಬಡಿಸಿರಲಿಲ್ಲ.

ಕೆಳಗಿನ ಕೋಣೆಯಲ್ಲಿ ಉದ್ದನೆಯ ಮೇಜು, ಎರಡೂ ಕಡೆ ಬೆಂಚು, ಗೋಡೆಯ ಗೂಟಗಳಲ್ಲಿ ಜೀನು, ಲಗಾಮುಗಳು. ಮನೆಯೊಡತಿ ಸೌಟು ಹಿಡಿದು ಮನೆಯ ನಿಯಮ ಹೇಳಿದಳು.

"ಇಲ್ಲಿ ಮೊದಲು ಕುದುರೆ ಊಟ, ಆಮೇಲೆ ಸವಾರನ ಊಟ. ಹತ್ತಿದೋರೇ ಮೇವು ಹಾಕ್ಬೇಕು. ಎಲ್ಲಾ ಕುದುರೆಗಳೂ ತಿಂದಾದ ಮೇಲೇ ತುತ್ತು ಎತ್ತೋದು. ಇದು ನಮ್ಮ ಯಜಮಾನರು ತಂದ ಪದ್ಧತಿ. ಅವರಂತೂ ಮದುವೆ ಆದಾಗಿಂದ ಒಂದು ದಿನಾನೂ ಮೇಜಿನ ಹತ್ರ ಉಂಡಿಲ್ಲ. ತಟ್ಟೆ ತಗೊಂಡು ಲಾಯಕ್ಕೆ ಹೋಗಿ ಕುದುರೆ ಜೊತೇಲೇ ಊಟ. ಅಂಥ ಪ್ರೀತಿ!"

ಮೇಷ್ಟ್ರು ಕಣ್ಣೊರೆಸಿಕೊಂಡರು. ಅವರು ಪಾಠ ಮಾಡುವಾಗಲೂ ಹೀಗೆಯೇ ಕಣ್ಣೊರೆಸಿಕೊಳ್ಳುತ್ತಿದ್ದರಂತೆ.

ಮುಂದಾಳು ಆ ಹೊತ್ತಿಗೆ ತಟ್ಟೆಯೊಂದನ್ನು ಹಿಡಿದು ಗೋಡೆಗುಂಟ ಮೆಲ್ಲಗೆ ಬಾಗಿಲ ಕಡೆಗೆ ಸರಿಯುತ್ತಿದ್ದ. ಮನೆಯೊಡತಿ ಅವನ ತೋಳು ಹಿಡಿದಳು.

"ಎಲ್ಲಿಗೆ? ಇವತ್ತು ಕುದುರೆ ನಿಮ್ಮ ಕೈಲಿಲ್ಲ, ಅವರ ಕೈಲಿದೆ. ಕಾಲು ಬೇರೆ ಊದಿದೆ. ಇವತ್ತಾದ್ರೂ ನನ್ನ ಪಕ್ಕದಲ್ಲಿ ಕೂತು ಉಣ್ಣಿ."

ಕಬ್ಬಿಣದಂಥ ಆ ಆಳು ಬೆಂಚಿನ ಮೇಲೆ ಕುಸಿದ. ಕಾಲುನೋವು ಇಷ್ಟು ಹೆಚ್ಚಾಗಿದೆಯೇ ಎಂದು ನನಗೆ ಕನಿಕರವಾಯಿತು.

ನಮ್ಮ ಕುದುರೆಗಳು ಬಕೀಟಿಗೆ ಮುಖ ಹಾಕಿದ್ದೇ ತಡ, ಕಣ್ಣು ಮಿಟುಕಿಸುವುದರೊಳಗೆ ತಳ ಕಾಣಿಸಿದವು. ಮಾವ ಮಾತ್ರ ಬಕೀಟನ್ನು ಒಮ್ಮೆ ಮೂಸಿ, ಭಾವನಿಗೆ ಬೆನ್ನು ತಿರುಗಿಸಿ ನಿಂತಿತು. ಬಕೀಟಿನಲ್ಲಿ ನೆನೆಸಿದ ಕಡಲೆ, ಮೇಲೆ ಒಂದು ಹಿಡಿ ಬೆಲ್ಲ.

"ತಗೊಳ್ಳಿ ಮಾವ," ಎಂದರು ಭಾವ. "ಒಂದೇ ಒಂದು ತುತ್ತು, ನನ್ನ ಸಲುವಾಗಿ." ಮಾವ ಬಾಲ ಬೀಸಿತು, ಅದು ಭಾವನ ಕೆನ್ನೆಗೆ ತಗುಲಿತು.

ಮೇಜಿನ ಸುತ್ತ ಜನ ಹಸಿದು ಕೂತಿದ್ದರು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಲಾಯಕ್ಕೆ ಬರತೊಡಗಿದರು. ಮೇಷ್ಟ್ರು ಬಂದು ಆಹಾರದ ಮಹತ್ವದ ಬಗ್ಗೆ ಕುದುರೆಗೆ ಮೆಲುದನಿಯಲ್ಲಿ ಪಾಠ ಹೇಳಿದರು. ಅರ್ಧಕ್ಕೇ ಅದು ಆಕಳಿಸಿತು. "ನನ್ನ ಹಳೇ ವಿದ್ಯಾರ್ಥಿಗಳ ಹಾಗೇ ಇದೆ," ಎಂದು ಅವರು ವಾಪಸ್ಸು ಹೋದರು. ಅವರ ಹೆಂಡತಿ ಬಂದು ಜೋಗುಳ ಹಾಡಿದರು. ಅದರಿಂದ ಪಕ್ಕದ ಕುದುರೆಗೆ ನಿದ್ದೆ ಬಂತು.

ಕೊನೆಗೆ ಅಕ್ಕ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಲ್ಲಿ ನಿಂತಳು.

"ಏನ್ರೀ, ನೀವು ಶಿಳ್ಳೆ ಹಾಕಿದ್ರೆ ತಾತನ ಕುದುರೆಗಳು ತಿಂತಿದ್ವಂತಲ್ಲ? ಹಾಕಿ ನೋಡೋಣ."

ಭಾವ ತುಟಿ ಒಟ್ಟು ಮಾಡಿದರು. ಹಸಿವಿಗೆ ಬಾಯಿ ಒಣಗಿತ್ತೋ ಏನೋ, ಬರೀ ಗಾಳಿ ಬಂತು.

"ಊಟದ ಹೊತ್ತು ಮೀರೋದ್ರೊಳಗೆ ಈ ಕುದುರೆ ತಿನ್ಲಿಲ್ಲ ಅಂದ್ರೆ, ಆ ಮಾತು ಮುಗೀತು. ನೆನಪಿರಲಿ," ಎಂದು ಹೋದಳು.

ಭಾವ ಹುಲ್ಲಿನ ಮೇಲೆ ಕೂತುಬಿಟ್ಟರು. "ಇನ್ನು ಊಟದ ಹೊತ್ನಲ್ಲಿ ನಾನು ಏನು ಮಾತಾಡ್ಲೋ?" ಎಂದರು. ನಿಜಕ್ಕೂ ಅಳು ಬರುವಂತಿತ್ತು ಅವರಿಗೆ. ನನಗೂ ಪಾಪ ಎನಿಸಿತು, ಆದರೆ ಹಸಿದ ಹೊಟ್ಟೆಯಲ್ಲಿ ಪಾಪ ಎನಿಸುವುದು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಆಗ ಮನೆಯೊಡತಿಯೇ ಒಂದು ತಟ್ಟೆ ತುಂಬ ಬಡಿಸಿಕೊಂಡು ಬಂದಳು. "ಅದಕ್ಕೆ ಜೊತೆ ಬೇಕು ಅಂತ ಕಾಣುತ್ತೆ. ನಮ್ಮ ಯಜಮಾನರು ಪಕ್ಕದಲ್ಲೇ ಕೂತು ಉಣ್ತಿದ್ರಲ್ಲ, ಅದು ಅಭ್ಯಾಸ ಆಗಿಬಿಟ್ಟಿದೆ. ನೀವೂ ಅದರ ಮುಂದೆ ಕೂತು ಊಟ ಮಾಡಿ. ನಿಯಮಕ್ಕೆ ಇವತ್ತೊಂದಿನ ರಜ," ಎಂದು ತಟ್ಟೆ ಕೊಟ್ಟು, ಕುದುರೆಯ ಕುತ್ತಿಗೆ ಸವರಿ ಹೋದಳು.

ತಟ್ಟೆಯಲ್ಲಿದ್ದದ್ದು ಏನೆಂದು ಹೇಳುವುದು ಕಷ್ಟ. ಬೂದು ಬಣ್ಣ, ನಡುವೆ ಹಸಿರು ಗಂಟುಗಳು, ತಳದಲ್ಲಿ ಕಪ್ಪು ಚಕ್ಕೆಗಳು. ತರಕಾರಿಯೋ ಗಂಜಿಯೋ, ಎರಡೂ ಜಗಳವಾಡಿ ರಾಜಿಯಾದದ್ದೋ. ಭಾವನಿಗೆ ಹಸಿವೆಂದರೆ ಹಸಿವು. ದೊಡ್ಡ ತುತ್ತನ್ನೇ ಬಾಯಿಗಿಟ್ಟರು. ಇಟ್ಟವರು ಹಾಗೆಯೇ ಇದ್ದರು. ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ದುಃಖ, ಕೊನೆಗೆ ಒಂದು ಬಗೆಯ ವೈರಾಗ್ಯ ಕಾಣಿಸಿತು. ಅವರ ಬಾಯಿಂದ "ನಾನು ಚಿಕ್ಕವನಿದ್ದಾಗ" ಕೂಡ ಹೊರಡಲಿಲ್ಲ.

ಅಷ್ಟರಲ್ಲಿ ಮಾವ ತಿರುಗಿತು. ಆ ಜೋಲು ಮುಖದಲ್ಲಿ ಎಂಥ ಕಳೆ! ಕುತ್ತಿಗೆ ಚಾಚಿ, ಭಾವನ ಕೈಯಲ್ಲಿದ್ದ ತಟ್ಟೆಗೆ ಬಾಯಿ ಹಾಕಿ, ಬೂದು, ಹಸಿರು, ಕಪ್ಪು ಒಂದನ್ನೂ ಬಿಡದೆ ಬಳಿದು, ತಟ್ಟೆಯನ್ನು ಮೂರು ಸಲ ನೆಕ್ಕಿತು. ಆಮೇಲೆ ಕಡಲೆಯ ಬಕೀಟಿಗೆ ಮೂಗು ಕೊಟ್ಟು, ನೆಲದ ಮೇಲೆ ತಳ್ಳಿಕೊಂಡು ಬಂದು ಭಾವನ ಮೊಣಕಾಲಿಗೆ ತಾಗಿಸಿ ನಿಂತಿತು. ನಿತ್ಯವೂ ಹಾಗೆ ಮಾಡಿ ಅಭ್ಯಾಸವಿದ್ದಂತಿತ್ತು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಾನು ಒಂದು ಕಾಳು ಬಾಯಿಗೆ ಹಾಕಿಕೊಂಡೆ. ಹದವಾಗಿ ನೆಂದ ಕಡಲೆ, ಕರಗಿದ ಬೆಲ್ಲ, ಎಲ್ಲೋ ಒಂದು ಚಿಟಿಕೆ ಉಪ್ಪು! ಒಂದು ಕಡೆಯಿಂದ ಭಾವ, ಇನ್ನೊಂದು ಕಡೆಯಿಂದ ನಾನು, ಬಕೀಟಿನೊಳಗೆ ನಮ್ಮ ಕೈಗಳು ಡಿಕ್ಕಿ ಹೊಡೆಯುತ್ತಿದ್ದವು. ಮಾವ ಮೇಲಿನಿಂದ ವಾತ್ಸಲ್ಯದಿಂದ ನೋಡುತ್ತಿತ್ತು.

ಬಾಗಿಲು ಕಿರಗುಟ್ಟಿತು. ಮುಂದಾಳು ಕಂಬಳಿಯೊಳಗೆ ತನ್ನ ತಟ್ಟೆ ಬಚ್ಚಿಟ್ಟುಕೊಂಡು, ಒಂಟಿ ಕಾಲಲ್ಲಿ ಕುಪ್ಪಳಿಸುತ್ತಾ ಒಳಗೆ ಬಂದ. ಖಾಲಿ ಬಕೀಟು ನೋಡಿದ. ನಮ್ಮ ಬಾಯಿ ನೋಡಿದ. ಮುಗಿಯಿತು ತನ್ನ ಕಥೆ ಎಂಬಂತೆ ಗೋಡೆಗೆ ಒರಗಿದ.

"ಗೊತ್ತಾಗೋಯ್ತಾ?" ಎಂದ.

"ಮದುವೆ ಆದಾಗಿಂದಾನಾ?" ಎಂದು ಕೇಳಿದರು ಭಾವ.

"ಮದುವೆಯಾದ ಮಾರನೇ ದಿನದಿಂದ. ಏನು ಮಾಡ್ಲಿ ಸ್ವಾಮಿ, ಅಷ್ಟು ಪ್ರೀತಿಯಿಂದ ಬಡಿಸ್ತಾಳೆ. ಒಂದು ಮಾತು ಅಂದ್ರೆ ನೊಂದ್ಕೋತಾಳೆ. ಕುದುರೆ ಜೊತೆ ಉಣ್ತೀನಿ ಅಂತ ತಟ್ಟೆ ಎತ್ಕೊಂಡು ಬಂದೆ. ಇವನಿಗೆ ಅದು ಹಿಡಿಸ್ತು, ನನಗೆ ಇದು ಹಿಡಿಸ್ತು. ಯಾರೋ ಪ್ರವಾಸಿಗರು ನೋಡಿ, ಎಂಥ ಪ್ರಾಣಿಪ್ರೀತಿ ಅಂದ್ರು. ಅದೇ ಪದ್ಧತಿ ಆಗೋಯ್ತು. ಈಗ ಜನ ದೂರ ದೂರದಿಂದ ಈ ಪದ್ಧತಿ ನೋಡೋಕೇ ಬರ್ತಾರೆ." ಅವನು ಕೈಮುಗಿದ. "ಅವಳಿಗೆ ಗೊತ್ತಾಗಬಾರದು. ನಿಮ್ಮ ದಮ್ಮಯ್ಯ."

ಭಾವ ಬೆಲ್ಲದ ಕೈಯನ್ನು ಎದೆಯ ಮೇಲಿಟ್ಟು ಆಣೆ ಮಾಡಿದರು. ಮಾವ ಆ ಗಂಭೀರ ಗಳಿಗೆಯಲ್ಲಿ ಕಂಬಳಿಯೊಳಕ್ಕೆ ಮೂತಿ ತೂರಿಸಿ ಎರಡನೆಯ ತಟ್ಟೆಯನ್ನೂ ಮುಗಿಸಿತು. ಉಪಕಾರಕ್ಕೆ ಪ್ರತಿಯಾಗಿ, ಒಳಗೆ ಹೋಗಿ ಎಲ್ಲರೆದುರು ಭಾವನನ್ನು ಹೊಗಳುವುದಾಗಿ ಮುಂದಾಳು ಮಾತು ಕೊಟ್ಟ. ಇಬ್ಬರೂ ದೊಡ್ಡ ಒಪ್ಪಂದ ಮಾಡಿಕೊಂಡವರಂತೆ ಕೈ ಕುಲುಕಿದರು. ಮುಂದಿನ ಅನಾಹುತಕ್ಕೆ ಅಲ್ಲಿಯೇ ಅಡಿಪಾಯ ಬಿತ್ತು.

"ತಿಂತು! ಮಾವ ತಿಂತು!" ಎಂದು ಮುಂದಾಳು ಕೂಗುತ್ತಾ ಒಳಗೆ ಹೋದ. ಹಸಿದಿದ್ದ ಮೇಷ್ಟ್ರು ಚಪ್ಪಾಳೆ ತಟ್ಟಿ ತಟ್ಟೆಗೆ ಕೈ ಹಾಕಿದರು, ಮೊದಲ ತುತ್ತಿಗೇ ಚಪ್ಪಾಳೆ ತಟ್ಟಿದ್ದಕ್ಕೆ ಪಶ್ಚಾತ್ತಾಪಪಟ್ಟರು.

"ಇಂಥ ಸವಾರನ್ನ ನಾನು ನೋಡೇ ಇಲ್ಲ," ಎಂದ ಮುಂದಾಳು. "ನನ್ನ ಬಿಟ್ಟು ಬೇರೆ ಯಾರ ಎದುರೂ ಬಾಯಿ ತೆರೆಯದ ಕುದುರೆ, ಇವರ ಮುಂದೆ ಬಳಿದುಕೊಂಡು ತಿಂತು. ಇವರು ಹುಟ್ಟು ಸವಾರರು!"

ಅಕ್ಕ ಭಾವನ ಕಡೆ ನೋಡಿದಳು. ಆ ನೋಟವನ್ನು ನಾನು ಅವಳ ಕಣ್ಣಲ್ಲಿ ಅದುವರೆಗೆ ಕಂಡದ್ದು ಧಾರಾವಾಹಿಯ ನಾಯಕನ ಚಿತ್ರದ ಮೇಲೆ ಮಾತ್ರ. "ಹಾಗಾದ್ರೆ ಎಲ್ಲಾ ನಿಜಾನಾ ರೀ? ಹೊಳೆ, ಕಳ್ಳ, ಎಲ್ಲಾ?" ಎಂದಳು. "ನಾನೇ ತಪ್ಪು ತಿಳ್ಕೊಂಡಿದ್ದೆ. ಇನ್ಮೇಲೆ ನೀವು ಏನು ಹೇಳಿದ್ರೂ ನಂಬ್ತೀನಿ."

ಭಾವ ಮೇಜಿನ ತುದಿಯಲ್ಲಿ ರಾಜನ ಹಾಗೆ ಕೂತರು. ಆದರೆ ಮನೆಯೊಡತಿ ಸೌಟು ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಡನ ಪಕ್ಕ ಬಂದು ಕೂತಳು.

"ಇವತ್ತು ನನಗೆಷ್ಟು ಸಂತೋಷ ಆಯ್ತು ಗೊತ್ತಾ? ಕುದುರೆ ಬೇರೆಯವರ ಹತ್ರಾನೂ ತಿನ್ನುತ್ತೆ ಅಂದ್ಮೇಲೆ ಇನ್ನು ನೀವು ಲಾಯದಲ್ಲಿ ಕೂತು ಉಣ್ಣೋ ಕಷ್ಟ ಇಲ್ಲ. ನಾಳೆಯಿಂದ ಬಂದೋರು ಯಾರಾದ್ರೂ ಹಾಕ್ತಾರೆ. ದಿನಾ ಮೂರು ಹೊತ್ತೂ ನನ್ನ ಎದುರಿಗೇ ಊಟ ಮಾಡಿ. ನಾನೇ ಕೂತು ಬಡಿಸ್ತೀನಿ." ಹೊಸ ತಟ್ಟೆ ತಂದು, ಗುಡ್ಡದಂತೆ ಬಡಿಸಿ, ಗಂಡನ ಮುಂದಿಟ್ಟಳು.

ಮುಂದಾಳು ಭಾವನ ಕಡೆ ನೋಡಿದ. ಆ ಮುಖವನ್ನು ಭಾವ ಚೆನ್ನಾಗಿ ಬಲ್ಲರು. ನಲ್ಲಿ ಒಣಗಿ, ಕೊಡ ಹಿಡಿದು ಬಂದವರ ಮುಖ ಅದು. ದಿನವೂ ಅವರ ಮೇಜಿನ ಮುಂದೆ ಬಂದು ನಿಲ್ಲುತ್ತದೆ. "ನಾಳೆ ಸರಿಹೋಗುತ್ತೆ" ಎಂದು ಹೇಳಿ ಕಳಿಸಿಬಿಡಬಹುದಿತ್ತು. ಪಕ್ಕದಲ್ಲಿ ಅಕ್ಕ ಇನ್ನೂ ಅದೇ ನೋಟದಲ್ಲಿ ನೋಡುತ್ತಿದ್ದಳು. ಭಾವ ಒಮ್ಮೆ ಅವಳನ್ನು ನೋಡಿದರು, ಒಮ್ಮೆ ಮುಂದಾಳುವನ್ನು ನೋಡಿದರು, ಎದ್ದು ನಿಂತರು.

"ಅಮ್ಮಾ, ಅವರು ಹೇಳಿದ್ದು ಸುಳ್ಳು," ಎಂದರು. "ನನ್ನ ಮುಂದೆ ಆ ಕುದುರೆ ಒಂದು ಕಡಲೆ ಕಾಳೂ ಮುಟ್ಲಿಲ್ಲ. ಇವರು ಬಂದು ನಿಂತ ಮೇಲೇ ಅದಕ್ಕೆ ಜೀವ ಬಂದಿದ್ದು. ನನ್ನ ಮರ್ಯಾದೆ ಉಳಿಸೋಕೆ ಹಾಗೆ ಹೇಳಿದ್ರು. ಇವರು ಪಕ್ಕದಲ್ಲಿ ಕೂತು ಉಣ್ಣದಿದ್ರೆ ಆ ಕುದುರೆ ಉಪವಾಸ ಬಿದ್ದು ಸಾಯುತ್ತೆ."

"ಆದ್ರೆ ನೀವು ಹುಟ್ಟು ಸವಾರರು…" ಎಂದಳು ಮನೆಯೊಡತಿ.

"ನಾನು ಇವತ್ತಿಗೆ ಮುಂಚೆ ಕೂತಿದ್ದು ಒಂದೇ ಕುದುರೆ ಮೇಲೆ. ಮರದ್ದು. ಫೋಟೋ ತೆಗೆಯೋ ಅಂಗಡೀಲಿ. ಅದಕ್ಕೆ ಚಕ್ರ ಇತ್ತು. ಬೇಕಾದ್ರೆ ಕಟ್ಟು ಹಾಕಿದ ಇವನನ್ನೇ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಟ್ಟೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ, ಆ ತಟ್ಟೆಯನ್ನು ನೋಡುವುದು ಸುಲಭವಾಗಿರಲಿಲ್ಲ.

ಮನೆಯೊಡತಿ ಲಾಯದ ಕಡೆ ನೋಡಿದಳು. ಆಮೇಲೆ ಆ ಗುಡ್ಡದಂಥ ತಟ್ಟೆಯನ್ನೆತ್ತಿ, ಮೇಲೆ ಇನ್ನೂ ಒಂದು ಸೌಟು ಬಡಿಸಿ, ಗಂಡನ ಕೈಗೆ ಕೊಟ್ಟಳು. "ಹೋಗಿ. ಪಾಪ, ಬಾಯಿಲ್ಲದ ಜೀವ," ಎಂದಳು. ಮುಂದಾಳು ಕುಂಟುವುದನ್ನೂ ಮರೆತು ಓಡಿದ. ದೂರು ವಿಭಾಗಕ್ಕೆ ಭಾವ ಸೇರಿದ ಮೇಲೆ ನಿಜವಾಗಿ ಬಗೆಹರಿದ ದೂರು ಅದೊಂದೇ.

ಅಕ್ಕ ಭಾವನ ಮೀಸೆಗೆ ಅಂಟಿದ್ದ ಕಡಲೆ ಸಿಪ್ಪೆಯನ್ನು ಬಹಳ ಹೊತ್ತು ನೋಡಿದಳು. ತನ್ನ ತಟ್ಟೆಯಿಂದ ಒಂದು ತುತ್ತು ತಿಂದು, ಮತ್ತೆ ಆ ಸಿಪ್ಪೆಯನ್ನು ನೋಡಿದಳು.

ಬೆಳಿಗ್ಗೆ ತಿಂಡಿ ಬಡಿಸುವ ಹೊತ್ತಿಗೆ ನಮ್ಮ ತಂಡದಲ್ಲಿ ಪ್ರಾಣಿಪ್ರೀತಿ ಉಕ್ಕಿ ಹರಿಯಿತು. "ನನ್ನ ಕುದುರೆ ಮುಖ ಯಾಕೋ ಬಾಡಿದೆ," ಎಂದು ಮೇಷ್ಟ್ರು ತಟ್ಟೆ ಎತ್ತಿಕೊಂಡು ಲಾಯಕ್ಕೆ ನಡೆದರು. ಅವರ ಹೆಂಡತಿಗೂ ತಮ್ಮ ಕುದುರೆಯನ್ನು ಬಿಟ್ಟು ತುತ್ತು ಇಳಿಯಲಿಲ್ಲ. ಅಕ್ಕನೂ ಬಿಳಿ ಕುದುರೆಯನ್ನು ಹುಡುಕಿಕೊಂಡು ಹೊರಟಳು. ಖಾಲಿ ಮೇಜಿನ ಮುಂದೆ ನಿಂತ ಮನೆಯೊಡತಿ, "ಇಷ್ಟು ಒಳ್ಳೆಯ ಜನ ನಮ್ಮ ಮನೆಗೆ ಬಂದೇ ಇರಲಿಲ್ಲ" ಎಂದು ಗದ್ಗದಿತಳಾದಳು. ಅವತ್ತು ಹಿಂದಿರುಗುವಾಗ ಮಾವನೊಂದನ್ನು ಬಿಟ್ಟರೆ ಎಲ್ಲ ಕುದುರೆಗಳೂ ಹೊಟ್ಟೆ ಹಿಡಿದುಕೊಂಡಂತೆ ನಿಧಾನವಾಗಿ ನಡೆದವು.

ಮನೆಗೆ ಬಂದ ಮೇಲೆ ಭಾವ ಮಾತಿಗೆ ತಪ್ಪಲಿಲ್ಲ. ಊಟಕ್ಕೆ ಕೂತರು, ಮೊದಲನೆಯ ತುತ್ತು ಬಾಯಿಗಿಟ್ಟರು, ತುಟಿ ಅಲುಗಿತು, ನಿಂತಿತು. ಬಾಳಿನಲ್ಲಿ ಮೊದಲ ಬಾರಿಗೆ ಅವರಲ್ಲಿ ಒಂದು ನಿಜವಾದ, ಅದ್ಭುತವಾದ ಕಥೆಯಿತ್ತು, ಅದನ್ನು ಹೇಳುವುದಿಲ್ಲವೆಂದು ಆಣೆ ಮಾಡಿದ್ದರು. ಹಳೆಯವನ್ನು ಹೇಳುವ ಹಾಗಿರಲಿಲ್ಲ. ಹೀಗಾಗಿ ಅವರಿಗೆ ಮಾಡಲು ಬೇರೇನೂ ಉಳಿಯದೆ, ತಿನ್ನುವುದರ ಕಡೆಗೆ ಗಮನ ಕೊಡತೊಡಗಿದರು.

ಮೊದಲ ದಿನ ಮೆಲ್ಲಗೆ ಅಗಿದು, "ಇದಕ್ಕೆ ಉಪ್ಪು ಹಾಕಿದೀಯಾ?" ಎಂದರು.

ಅಕ್ಕನ ಕೈ ಗಾಳಿಯಲ್ಲೇ ನಿಂತಿತು. ಇಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ.

ಮರುದಿನ, "ಇದು ಸೀದಿದೆಯೋ, ಇದರ ಬಣ್ಣಾನೇ ಹೀಗೋ?" ಎಂದರು. ಕೊಂಕಿರಲಿಲ್ಲ, ನಿಜಕ್ಕೂ ತಿಳಿಯಬೇಕಿತ್ತು ಅವರಿಗೆ. ಅದರ ಮರುದಿನ ತಟ್ಟೆಯನ್ನು ಕಣ್ಣಿನ ಹತ್ತಿರ ತಂದುಕೊಂಡು, "ದಿನಾ ಹೀಗೇ ಇರ್ತಿತ್ತಾ?" ಎಂದು ನನ್ನನ್ನು ಕೇಳಿದರು. ನಾನು ನೀರು ಕುಡಿದೆ.

ಅಕ್ಕ ಸೌಟು ಹಿಡಿದುಕೊಂಡೇ ಗಂಡನ ಮುಖವನ್ನು ನೋಡುತ್ತಾ ನಿಂತಳು. ಸಿಟ್ಟು ಬಂದಿದೆ ಎಂದುಕೊಂಡೆ. ಹತ್ತಿರದಿಂದ ನೋಡಿದರೆ ಅವಳ ಕಣ್ಣು ತುಂಬಿತ್ತು.

"ಆ ಮನುಷ್ಯ ಪಾಪ ತಟ್ಟೆ ಎತ್ಕೊಂಡು ಲಾಯಕ್ಕಾದ್ರೂ ಓಡ್ತಿದ್ದ," ಎಂದಳು. "ನೀವು ಇಷ್ಟು ವರ್ಷ ಇಲ್ಲೇ ಕೂತು ಉಂಡ್ರಿ."

ಭಾವನಿಗೆ ಏನೂ ಅರ್ಥವಾಗಲಿಲ್ಲ. "ಎಲ್ಲಿ ಕೂತಿದ್ದೆ?" ಎಂದರು.

ಅಕ್ಕ ಉಪ್ಪಿನ ಡಬ್ಬಿ ತಂದು ಅವರ ಪಕ್ಕದಲ್ಲಿಟ್ಟಳು. ಇನ್ನೊಂದು ಸೌಟು ಬಡಿಸಿದಳು. ವಾರಪತ್ರಿಕೆಯನ್ನು ಮಡಿಸಿಟ್ಟು, ಅವರ ಎದುರಿಗೆ ಕೂತು, ಗದ್ದಕ್ಕೆ ಕೈ ಊರಿದಳು.

"ಅದಿರಲಿ ಬಿಡಿ. ನೀವು ಚಿಕ್ಕವರಿದ್ದಾಗ ಹೊಳೆ ದಾಟಿದ್ರಲ್ಲ, ಆಮೇಲೆ ಏನಾಯ್ತು?"

ಭಾವ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಗೋಡೆಯ ಮೇಲಿನ ಸವಾರನನ್ನೂ ನೋಡಿದರು. ಆಮೇಲೆ ದೊಡ್ಡದೊಂದು ತುತ್ತು ಕಲಸಿ ಬಾಯಿಗಿಟ್ಟುಕೊಂಡು ಶುರು ಮಾಡಿದರು. ಹೊಳೆಯ ನೀರು ಏರುತ್ತಲೇ ಇತ್ತು, ನಡುವೆ ಎಲ್ಲಿಂದಲೋ ಒಂದು ಮೊಸಳೆಯೂ ಬಂತು, ಮೂವರ ತಟ್ಟೆಗಳೂ ಖಾಲಿಯಾದವು.